ಸ್ಟೀರಿಂಗ್ ಬಿಗಿಯಾದಾಗ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು. ಸಂಚಿಕೆಗಾಗಿ ಬರೆದುಕೊಡುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ನಾನು 2004ರ ಎಸ್ಸೆಸ್ಸೆಲ್ಸಿ ಬ್ಯಾಚು. ಆಮೇಲೆ ಪಿಯುಸಿ, ಬಿ.ಇ. ಮುಗಿಸಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಮಿತಿಯವರು ನನಗೆ ಕೊಟ್ಟಿದ್ದ ವಿಷಯ 'ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಅವಕಾಶಗಳು'. ಅದನ್ನು ಹೇಳುವವರು ನನ್ನ ಮುಂಚೆ ಇಬ್ಬರು ಹೇಳಿದ್ದಾರೆ, ನನ್ನ ನಂತರ ಇನ್ನೊಬ್ಬರಿದ್ದಾರೆ. ಹಾಗಾಗಿ ಅನುಮತಿ ಕೇಳಿ ವಿಷಯ ಬದಲಾಯಿಸಿಕೊಂಡೆ. ಟ್ರ್ಯಾಕ್ಟರಿನ ಪವರ್ ಸ್ಟೀರಿಂಗ್ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಮಿತಿಯ ಹಿರಿಯರೊಬ್ಬರು, "ಅದಕ್ಕೆ ನೀನ್ಯಾಕೆ, ನಿಮ್ಮಣ್ಣನ್ನೇ ಕರೆಸಬೇಕಿತ್ತು" ಅಂದರು. ಅವರು ತಮಾಷೆಗೆ ಹೇಳಿದ್ದು. ನಾನು ಈಗ ಹೇಳಹೊರಟಿರುವುದೂ ಸರಿಸುಮಾರು ಅದನ್ನೇ.

ನಮ್ಮ ಮನೆಯ ಟ್ರ್ಯಾಕ್ಟರನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿದ್ದೀರಿ. ಸೆಕೆಂಡ್ ಹ್ಯಾಂಡ್ ಗಾಡಿ. ಕಂಪನಿಯ ಹೆಸರು ಇಲ್ಲಿ ಬೇಡ, ತಪ್ಪು ಕಂಪನಿಯದಲ್ಲ. ತಂದ ಮೇಲೆ ಏಳೆಂಟು ವರ್ಷ ಏನೂ ತೊಂದರೆ ಕೊಡಲಿಲ್ಲ. ಗದ್ದೆ ಕೆಸರು ಮಾಡಿತು, ಕಬ್ಬು ಹೊತ್ತಿತು, ಊರಿನ ಅರ್ಧ ಜನರ ಮನೆಗೆ ಮರಳು, ಇಟ್ಟಿಗೆ ತಂದು ಹಾಕಿತು. ಆಮೇಲೆ ಒಂದು ಬೇಸಗೆಯಲ್ಲಿ ಸ್ಟೀರಿಂಗ್ ಬಿಗಿಯಾಗತೊಡಗಿತು. ಬೆಳಿಗ್ಗೆ ತೆಗೆದಾಗ ಬೆಣ್ಣೆಯ ಹಾಗೆ ತಿರುಗುತ್ತಿತ್ತು. ಎರಡು ಗಂಟೆ ಕೆಲಸ ಮಾಡಿದ ಮೇಲೆ ಎರಡೂ ಕೈ ಹಾಕಿ, ಸೀಟಿನಿಂದ ಅರ್ಧ ಎದ್ದು ಎಳೆಯಬೇಕು. ಅಣ್ಣನಿಗೆ ಭುಜದ ನೋವು ಶುರುವಾಯಿತು. ಅವನು ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ. ಅವನಿಗಿನ್ನೂ ನಲವತ್ತಾಗಿರಲಿಲ್ಲ.

ಪಟ್ಟಣದ ಮೆಕ್ಯಾನಿಕ್ ನೋಡಿ, "ಪಂಪ್ ಹೋಗಿದೆ" ಎಂದರು. ಹೊಸ ಪಂಪ್ ಹಾಕಿಸಿದರು, ಎಣ್ಣೆ ಬದಲಾಯಿಸಿದರು. ಹದಿನೈದು ದಿನ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ಕಥೆ. ಎರಡನೆಯ ಸಲ ಹೋದಾಗ, "ಹಾಗಾದರೆ ಸ್ಟೀರಿಂಗ್ ಯೂನಿಟ್ಟೇ ಹೋಗಿದೆ, ಅದನ್ನೇ ಬದಲಿಸಬೇಕು" ಎಂದರು. ಅದು ಪಂಪಿನ ಎರಡರಷ್ಟು ಖರ್ಚು. ಅಷ್ಟು ಹಣ ಆಗ ಕೈಯಲ್ಲಿರಲಿಲ್ಲ. ನನ್ನನ್ನು ಕೇಳಬಹುದಿತ್ತು, ಅಣ್ಣ ಕೇಳಲಿಲ್ಲ.

ನನಗೆ ಇದೆಲ್ಲ ಗೊತ್ತಾಗಿದ್ದು ಅವ್ವನ ಫೋನಿನಿಂದ. ಕಬ್ಬಿನ ಲೋಡು ಹೊತ್ತು ನಾಲೆಯ ಸೇತುವೆಯ ತಿರುವಿನಲ್ಲಿ ಬರುವಾಗ ಸ್ಟೀರಿಂಗ್ ಕಚ್ಚಿಕೊಂಡಿದೆ. ಮುಂದಿನ ಚಕ್ರ ಸೇತುವೆಯ ಕಟ್ಟೆಗೆ ಉಜ್ಜಿ ನಿಂತಿದೆ, ಟ್ರೇಲರಿನ ಒಂದು ಚಕ್ರ ದಂಡೆಯ ಅಂಚಿಗೆ ಬಂದು ಮಣ್ಣು ಜಾರುತ್ತಿತ್ತಂತೆ. ನಾಲೆಯಲ್ಲಿ ನೀರು ತುಂಬಿತ್ತು. ಹಿಂದೆ ಬರುತ್ತಿದ್ದವರು ಕಲ್ಲು ಕೊಟ್ಟು, ಲೋಡು ಇಳಿಸಿ, ಸಂಜೆಯವರೆಗೆ ಹೆಣಗಿ ಹಿಂದಕ್ಕೆ ತೆಗೆದರು. ಆ ದಿನ ಕಲ್ಲು ಕೊಟ್ಟವರಲ್ಲಿ ಇಬ್ಬರು ಈ ಸಭೆಯಲ್ಲೇ ಕುಳಿತಿದ್ದಾರೆ. ಅಪ್ಪ ಆ ರಾತ್ರಿಯೇ, "ಮಾರಿಬಿಡಿ ಅದನ್ನ" ಎಂದರಂತೆ. ಅಣ್ಣ ನನಗೆ ಈ ವಿಷಯ ಹೇಳಿಯೇ ಇರಲಿಲ್ಲ.

ನಾನು ನಾಲ್ಕು ದಿನ ರಜೆ ಹಾಕಿ ಬಂದೆ. ನಮ್ಮ ಕೆಲಸವೇ ತಪ್ಪು ಹುಡುಕುವುದು. ಸಾವಿರಾರು ಸಾಲಿನ ಪ್ರೋಗ್ರಾಮಿನಲ್ಲಿ ಎಲ್ಲಿ ಎಡವಿದೆ ಎಂದು ಹುಡುಕಿ ತೆಗೆಯುತ್ತೇವೆ, ಒಂದು ಟ್ರ್ಯಾಕ್ಟರ್ ಯಾವ ಲೆಕ್ಕ ಅಂದುಕೊಂಡು ಬಂದೆ. ಬಸ್ಸಿನಲ್ಲಿ ಬರುವಾಗಲೇ ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿ, ಇದು ಸ್ಟೀರಿಂಗ್ ಸಿಲಿಂಡರಿನ ಸೀಲು ಹೋಗಿರುವುದೇ ಸರಿ ಎಂದು ತೀರ್ಮಾನ ಮಾಡಿಯೂ ಆಗಿತ್ತು. ಅಣ್ಣ ಏನೋ ಹೇಳಲು ಬಂದ. "ನೀನು ಸುಮ್ನಿರು, ನೋಡು" ಎಂದೆ. ಎರಡು ದಿನ ಕಷ್ಟಪಟ್ಟು ಸಿಲಿಂಡರ್ ಬಿಚ್ಚಿದೆವು. ಸೀಲ್ ಕಿಟ್ ತಂದು ಹಾಕಿದೆವು. ತೆಗೆದ ಹಳೆಯ ಸೀಲು ಹೊಸದರ ಹಾಗೇ ಇತ್ತು. ಗಾಡಿ ಚಾಲೂ ಮಾಡಿದರೆ, ಬಿಸಿಯಾದ ಮೇಲೆ ಮೊದಲಿನ ಹಾಗೆಯೇ ಬಿಗಿ.

ನಾಲ್ಕು ದಿನದ ರಜೆಯಲ್ಲಿ ಎರಡು ದಿನ ಹೀಗೆ ಹೋಯಿತು. ನಮ್ಮ ಆಫೀಸಿನಲ್ಲಿ ಹೊಸಬರು ಯಾರಾದರೂ ಪರೀಕ್ಷೆಯನ್ನೇ ಮಾಡದೆ ಹೀಗೆ ಊಹೆಯ ಮೇಲೆ ಬಿಚ್ಚಲು ಹೊರಟರೆ ನಾನೇ ಬೈಯುತ್ತೇನೆ.

ಇಲ್ಲಿ ಸ್ವಲ್ಪ ನಿಲ್ಲಿಸಿ, ಈ ಪವರ್ ಸ್ಟೀರಿಂಗ್ ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಬೇಕು. ಎದುರಿಗೆ ಮಕ್ಕಳೂ ಇದ್ದೀರಿ. ನಮ್ಮ ವಿಜ್ಞಾನದ ಮೇಷ್ಟ್ರು ಪಾಸ್ಕಲನ ನಿಯಮ ಹೇಳಿಕೊಡುವಾಗ ಪಶು ಆಸ್ಪತ್ರೆಯಿಂದ ಎರಡು ಖಾಲಿ ಸಿರಿಂಜು, ಒಂದು ಗ್ಲೂಕೋಸ್ ಪೈಪು ತಂದಿದ್ದರು. ಒಂದು ಸಿರಿಂಜು ದಪ್ಪ, ಇನ್ನೊಂದು ಸಣ್ಣದು. ಎರಡನ್ನೂ ಪೈಪಿನಿಂದ ಜೋಡಿಸಿ ನೀರು ತುಂಬಿ, ಸಣ್ಣದನ್ನು ನನ್ನ ಕೈಗೂ ದಪ್ಪದನ್ನು ತರಗತಿಯ ಗಟ್ಟಿಗನ ಕೈಗೂ ಕೊಟ್ಟರು. ನಾನು ಒತ್ತಿದರೆ ಅವನಿಂದ ತಡೆಯಲಾಗಲಿಲ್ಲ. ಪಾಸ್ಕಲ್ ಹದಿನೇಳನೆಯ ಶತಮಾನದ ಫ್ರಾನ್ಸಿನವನು, 39 ವರ್ಷ ಮಾತ್ರ ಬದುಕಿದ್ದ. ಮುಚ್ಚಿದ ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಅಷ್ಟೇ ಪ್ರಮಾಣದಲ್ಲಿ ಹೋಗುತ್ತದೆ ಎಂದು ತೋರಿಸಿದ. ಅದನ್ನು ಹಿಡಿದು ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಹೈಡ್ರಾಲಿಕ್ ಪ್ರೆಸ್ಸಿಗೆ ಪೇಟೆಂಟ್ ಪಡೆದ. ನಮ್ಮ ಟ್ರ್ಯಾಕ್ಟರಿನ ಮುಂಭಾಗದಲ್ಲಿರುವುದು ಅದೇ ಸಿರಿಂಜಿನ ದೊಡ್ಡ ರೂಪ.

ಎಂಜಿನ್ನಿನಿಂದ ತಿರುಗುವ ಒಂದು ಗೇರ್ ಪಂಪು. ಅದಕ್ಕೆ ಎಣ್ಣೆ ಕೊಡುವ ಒಂದು ಸಣ್ಣ ಟ್ಯಾಂಕು. ಪಂಪಿನಿಂದ ಹೊರಟ ಎಣ್ಣೆ ಸ್ಟೀರಿಂಗ್ ಕೆಳಗಿನ ಯೂನಿಟ್ಟಿಗೆ ಹೋಗುತ್ತದೆ. ನೀವು ಚಕ್ರ ಯಾವ ಕಡೆ ತಿರುಗಿಸುತ್ತೀರೋ ಅದರ ಪ್ರಕಾರ ಯೂನಿಟ್ಟು ಅಳತೆ ಮಾಡಿ ಸಿಲಿಂಡರಿನ ಎಡಕ್ಕೋ ಬಲಕ್ಕೋ ಎಣ್ಣೆ ಕಳಿಸುತ್ತದೆ. ಸಿಲಿಂಡರು ಮುಂದಿನ ಚಕ್ರಗಳನ್ನು ನೂಕುತ್ತದೆ. ಒತ್ತಡ 100 ಬಾರ್ ಎಂದು ಇಟ್ಟುಕೊಳ್ಳಿ. ಅಂದರೆ ಒಂದು ಚದರ ಸೆಂಟಿಮೀಟರಿನ ಮೇಲೆ ಹೆಚ್ಚುಕಡಿಮೆ ನೂರು ಕೆ.ಜಿ. ಸಿಲಿಂಡರಿನ ಒಳವ್ಯಾಸ 50 ಮಿಲಿಮೀಟರ್ ಆದರೆ ಅದರ ವಿಸ್ತೀರ್ಣ ಸುಮಾರು 19.6 ಚದರ ಸೆಂಟಿಮೀಟರ್. ಗುಣಿಸಿ ನೋಡಿ, ಸುಮಾರು ಎರಡು ಟನ್ ಬಲ. ಒಂದೇ ಕೈಯಲ್ಲಿ ಕೆಸರಿನೊಳಗೆ ಚಕ್ರ ತಿರುಗಿಸುತ್ತೀರಲ್ಲ, ಅದು ನಿಮ್ಮ ಕೈಯ ಬಲವಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಒಂದು ನೋಟ್‌ಬುಕ್ ತೆಗೆದುಕೊಂಡು ಅಣ್ಣನ ಎದುರು ಕುಳಿತೆ. ಈ ಸಲ ನಾನು ಕೇಳುತ್ತೇನೆ, ನೀನು ಹೇಳು ಎಂದೆ. ಅವನು ಹೇಳಿದ್ದರಲ್ಲಿ ಮೂರು ಮಾತುಗಳನ್ನು ಹಾಗೆಯೇ ಬರೆದುಕೊಂಡೆ. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

"ಬಿಸಿ ಆದ್ಮೇಲೇ ಬಿಗಿ ಆಗದು. ತಣ್ಣಗಿದ್ದಾಗ ಏನೂ ಇಲ್ಲ."

"ಬಿಗಿ ಆದಾಗ ಆಕ್ಸಿಲರೇಟರ್ ಕೊಟ್ರೆ ಇನ್ನೂ ಜಾಸ್ತಿ ಬಿಗಿ ಆಯ್ತದೆ. ಪಂಪು ಕೊಂಯ್ ಅಂತ ಅಳ್ತದೆ."

"ಎಂಜಿನ್ ಆಫ್ ಮಾಡಿ ಟ್ಯಾಂಕ್ ಮುಚ್ಚಳ ತೆಗುದ್ರೆ ಎಣ್ಣೆ ಉಕ್ಕಿ ಮೇಲಕ್ಕೆ ಬರ್ತದೆ. ಸ್ವಲ್ಪ ಹೊತ್ತಾದ್ಮೇಲೆ ತಾನೇ ಇಳಿತದೆ."

ಎರಡನೆಯ ಮಾತು ಕೇಳಿದಾಗ ನಾನು ಪೆನ್ನು ಕೆಳಗಿಟ್ಟೆ. ಪಂಪು ಸವೆದಿದ್ದರೆ ಏನಾಗಬೇಕು? ಸವೆದ ಪಂಪಿನೊಳಗೆ ಎಣ್ಣೆ ಸಂದಿಯಿಂದ ಹಿಂದಕ್ಕೆ ಜಾರುತ್ತದೆ. ಎಂಜಿನ್ ನಿಧಾನವಾಗಿರುವಾಗ ಅದು ಹೆಚ್ಚು ಬಾಧಿಸುತ್ತದೆ. ಆಕ್ಸಿಲರೇಟರ್ ಕೊಟ್ಟು ಪಂಪು ಜೋರಾಗಿ ತಿರುಗಿದರೆ, ಜಾರಿದ್ದು ಹೋಗಿ ಉಳಿದದ್ದಾದರೂ ಸಾಕಾಗಿ ಸ್ಟೀರಿಂಗ್ ಹಗುರಾಗಬೇಕು. ನಮ್ಮದು ತದ್ವಿರುದ್ಧ. ಅಂದರೆ ಪಂಪು ಮೊದಲಿನಿಂದಲೂ ಸರಿಯಾಗಿಯೇ ಇತ್ತು! ಈ ಮಾತನ್ನು ಅಣ್ಣ ಮೆಕ್ಯಾನಿಕ್ಕಿಗೆ ಹೇಳಿದ್ದನಂತೆ, ಅವರು ಕೇಳಿಸಿಕೊಳ್ಳಲಿಲ್ಲ. ನನಗೂ ಮೊದಲನೆಯ ದಿನ ಹೇಳಲು ಬಂದದ್ದು ಇದನ್ನೇ. ನಾನೂ ಕೇಳಿಸಿಕೊಂಡಿರಲಿಲ್ಲ. ಮೆಕ್ಯಾನಿಕ್ಕನ್ನು ನಾನು ದೂರುವುದಿಲ್ಲ. ಅವರಿಗೆ ಬದಲಿಸಿದ ಸಾಮಾನಿಗೆ ದುಡ್ಡು ಸಿಗುತ್ತದೆ, ಅರ್ಧ ಗಂಟೆ ಕೂತು ಕೇಳಿಸಿಕೊಂಡರೆ ಯಾರೂ ಕೊಡುವುದಿಲ್ಲ. ನನಗಾದರೆ ಕೇಳಿಸಿಕೊಳ್ಳುವುದಕ್ಕೇ ಸಂಬಳ, ಆದರೂ ಕೇಳಿರಲಿಲ್ಲ.

ಈ ಸಲ ಕ್ರಮವಾಗಿ ಹೊರಟೆವು. ಒಂದು ಸಲಕ್ಕೆ ಒಂದನ್ನೇ ಮುಟ್ಟುವುದು, ಮುಟ್ಟಿದ ಮೇಲೆ ಗಾಡಿ ಬಿಸಿ ಮಾಡಿ ನೋಡುವುದು, ನೋಡಿದ್ದನ್ನು ಬರೆಯುವುದು.

ಮೊದಲು ಎಣ್ಣೆಗೆ ಸಂಬಂಧವೇ ಇಲ್ಲದ ಸಂಗತಿಗಳು. ಮುಂದಿನ ಟೈರುಗಳ ಗಾಳಿ ನೋಡಿದೆವು, ಒಂದರಲ್ಲಿ ಕಡಿಮೆ ಇತ್ತು, ತುಂಬಿದೆವು. ಆಮೇಲೆ ಎಂಜಿನ್ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ಲನ್ನು ಜಾಕಿನಿಂದ ಎತ್ತಿ, ಕೆಳಗೆ ದಪ್ಪ ಮರದ ದಿಮ್ಮಿ ಇಟ್ಟೆವು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬೇಡಿ, ಐದು ನಿಮಿಷದ ಕೆಲಸವೇ ಆದರೂ. ಸಿಲಿಂಡರು, ಟೈ ರಾಡು ಎರಡನ್ನೂ ಕಳಚಿ ಒಂದೊಂದು ಚಕ್ರವನ್ನೂ ಕೈಯಲ್ಲಿ ಆ ಕಡೆ ಈ ಕಡೆ ತಿರುಗಿಸಿ ನೋಡಿದೆವು. ಬಲಗಡೆಯದು ಸಲೀಸಾಗಿ ತಿರುಗಿತು. ಎಡಗಡೆಯದು ಅಲುಗಾಡಲೊಲ್ಲದು. ಕಿಂಗ್ ಪಿನ್ನಿನ ಗ್ರೀಸ್ ನಿಪ್ಪಲ್ಲು ಗದ್ದೆಯ ಮಣ್ಣು ಕಟ್ಟಿಕೊಂಡು ಮುಚ್ಚಿಹೋಗಿತ್ತು. ಗ್ರೀಸ್ ಗನ್ ಒತ್ತಿದರೆ ಗ್ರೀಸು ಒಳಗೆ ಹೋಗದೆ ಪಕ್ಕದಿಂದ ಹೊರಗೆ ಬರುತ್ತಿತ್ತು. ವರ್ಷಗಟ್ಟಲೆ ಹಾಗೆಯೇ ಬಂದಿರಬೇಕು, ಒರೆಸಿಕೊಂಡು ಹೋಗಿರಬೇಕು. ನಿಪ್ಪಲ್ ಬದಲಿಸಿ, ಡೀಸೆಲ್ ಬಿಟ್ಟು ಸಡಿಲ ಮಾಡಿ, ಒಳಗಿನ ಕಪ್ಪು ಗ್ರೀಸೆಲ್ಲ ಹೊರಬಂದು ಹೊಸದು ಕಾಣುವವರೆಗೆ ಹಾಕಿದೆವು.

ಗಾಡಿ ಬಿಸಿ ಮಾಡಿ ನೋಡಿದರೆ, ಸ್ಟೀರಿಂಗ್ ಮೊದಲಿಗಿಂತ ಹಗುರ. ಆದರೆ ಪೂರ್ತಿ ಅಲ್ಲ. ಪಂಪಿನ ಅಳುವೂ ನಿಂತಿರಲಿಲ್ಲ. ನಾನು ಇದೇ ಕಾರಣ ಎಂದು ಸಂತೋಷಪಟ್ಟುಬಿಟ್ಟೆ. ಅಣ್ಣ, "ಅಳ್ತಾ ಅದೆ ಇನ್ನೂವೆ" ಎಂದ. ಎರಡು ದೋಷಗಳು ಒಟ್ಟಿಗಿದ್ದಾಗ ಒಂದು ಇನ್ನೊಂದನ್ನು ಮರೆಮಾಡುತ್ತದೆ. ಅರ್ಧ ಗುಣವಾದ ಕೂಡಲೇ ಬಾಗಿಲು ಹಾಕಿಕೊಂಡು ಹೋಗುವ ಆಸೆ ನಮ್ಮ ಸಾಫ್ಟ್‌ವೇರಿನವರಿಗೆ ಬಹಳ.

ಸಿಲಿಂಡರ್ ಸೀಲಿನ ಪರೀಕ್ಷೆಯನ್ನೂ ಈಗ ಮಾಡಿದೆವು. ಮೊದಲೇ ಮಾಡಬೇಕಾಗಿದ್ದದ್ದು. ಚಕ್ರವನ್ನು ಕೊನೆಯವರೆಗೆ ತಿರುಗಿಸಿ, ಇನ್ನೂ ತಿರುಗಿಸಲು ನೋಡುವುದು. ಸ್ವಲ್ಪ ನಿಧಾನವಾಗಿ ಜಾರುವುದು ಸಹಜ. ಆದರೆ ಚಕ್ರ ನೆಲದ ಮೇಲೆ ನಿಂತೇ ಇದ್ದು, ಸ್ಟೀರಿಂಗ್ ಮಾತ್ರ ಸುತ್ತುತ್ತಲೇ ಹೋದರೆ ಎಣ್ಣೆ ಸಿಲಿಂಡರಿನಲ್ಲೋ ಯೂನಿಟ್ಟಿನಲ್ಲೋ ಒಳಗೊಳಗೇ ದಾರಿ ಮಾಡಿಕೊಂಡಿದೆ ಎಂದರ್ಥ. ನಮ್ಮದು ಗಟ್ಟಿಯಾಗಿ ನಿಂತಿತು. ಒಂದು ನಿಮಿಷದ ಈ ಪರೀಕ್ಷೆ ಮಾಡಿದ್ದರೆ ಎರಡು ದಿನ ಉಳಿಯುತ್ತಿತ್ತು. ಇನ್ನೊಂದು ಸೂಚನೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಎಡಕ್ಕೆ ಮಾತ್ರ ಅಥವಾ ಬಲಕ್ಕೆ ಮಾತ್ರ ಬಿಗಿ ಇದ್ದರೆ ಪಂಪಿನ ಗೊಡವೆಗೆ ಹೋಗಬೇಡಿ. ಪಂಪು ಎರಡು ಕಡೆಗೂ ಒಂದೇ. ಆ ಕಡೆಯ ಪೈಪು, ಸಿಲಿಂಡರು, ಯೂನಿಟ್ಟು ನೋಡಬೇಕು.

ಆಮೇಲೆ ಅಣ್ಣನ ಮೂರನೆಯ ಮಾತಿಗೆ ಬಂದೆವು. ಎಣ್ಣೆ ಯಾಕೆ ಉಕ್ಕಬೇಕು? ಬಿಸಿ ಎಣ್ಣೆಯನ್ನು ಒಂದು ಗಾಜಿನ ಬಾಟಲಿಗೆ ತೆಗೆದು ಜಗಲಿಯ ಮೇಲೆ ಇಟ್ಟೆವು. ಮಜ್ಜಿಗೆಯ ಹಾಗೆ ನೊರೆ ನೊರೆ. ನೀರು ಸೇರಿದ್ದರೆ ಆ ಬಿಳುಪು ಹೊತ್ತಾದರೂ ಹೋಗುವುದಿಲ್ಲ. ಗಾಳಿ ಸೇರಿದ್ದರೆ ಗುಳ್ಳೆಗಳು ಮೇಲೇರಿ ಎಣ್ಣೆ ತಳದಿಂದ ತಿಳಿಯಾಗುತ್ತಾ ಬರುತ್ತದೆ. ನಾವು ಊಟ ಮುಗಿಸಿ ಬರುವಷ್ಟರಲ್ಲಿ ತಿಳಿಯಾಗಿತ್ತು. ಗಾಳಿ. ಎಣ್ಣೆಯನ್ನು ಒತ್ತಿ ಚಿಕ್ಕದು ಮಾಡಲಾಗುವುದಿಲ್ಲ, ಗಾಳಿಯನ್ನು ಮಾಡಬಹುದು. ಅದಕ್ಕೇ ಪಾಸ್ಕಲನ ಲೆಕ್ಕವೆಲ್ಲ ಕೆಡುವುದು. ಎಂಜಿನ್ ನಿಂತ ಕೂಡಲೇ ಒಳಗೆ ಅಮುಕಿದ್ದ ಗಾಳಿ ಹಿಗ್ಗಿ ಎಣ್ಣೆಯನ್ನು ಟ್ಯಾಂಕಿನ ಬಾಯಿಗೆ ತಳ್ಳುತ್ತಿತ್ತು. ಅಣ್ಣ ಇದನ್ನು ದಿನವೂ ನೋಡುತ್ತಿದ್ದ.

ಗಾಳಿ ಎಲ್ಲಿಂದ ಬರುತ್ತದೆ? ಎಲ್ಲಿಯೂ ಒಂದು ತೊಟ್ಟು ಎಣ್ಣೆ ಸೋರುತ್ತಿರಲಿಲ್ಲ. "ಸೋರದೆ ಗಾಳಿ ಹೆಂಗೆ ಒಳಕ್ಕೆ ಹೋಯ್ತದೆ?" ಎಂದು ಅಣ್ಣ ಕೇಳಿದ. ಸರಿಯಾದ ಪ್ರಶ್ನೆ. ಪಂಪಿನ ಆಚೆ ಕಡೆ ಒತ್ತಡ ನೂರು ಬಾರ್, ಅಲ್ಲಿ ತೂತಾದರೆ ಎಣ್ಣೆ ಹೊರಕ್ಕೆ ಚಿಮ್ಮುತ್ತದೆ. ಪಂಪಿನ ಈಚೆ ಕಡೆ, ಟ್ಯಾಂಕಿನಿಂದ ಪಂಪಿಗೆ ಬರುವ ಗೇಣುದ್ದದ ರಬ್ಬರ್ ಪೈಪಿನಲ್ಲಿ, ಎಂಜಿನ್ ಓಡುವಾಗ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಅಲ್ಲಿ ಸಂದಿಯಿದ್ದರೆ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಅದನ್ನು ಕಂಡುಹಿಡಿದದ್ದು ಅಣ್ಣ. ಗಾಡಿ ಓಡುತ್ತಿರುವಾಗಲೇ ಆ ಪೈಪಿನ ಎರಡು ತುದಿಯ ಕ್ಲಾಂಪುಗಳ ಸುತ್ತ ಗ್ರೀಸನ್ನು ಮುದ್ದೆಯಾಗಿ ಮೆತ್ತಿದ, ಫ್ಯಾನಿನಿಂದ ಕೈ ದೂರ ಇಟ್ಟುಕೊಂಡು. ಟ್ಯಾಂಕಿನ ಕಡೆ ಮೆತ್ತಿದಾಗ ಏನೂ ಆಗಲಿಲ್ಲ. ಪಂಪಿನ ಕಡೆ ಮೆತ್ತಿದ ಕೂಡಲೇ ಅಳುವ ಸದ್ದು ತಗ್ಗಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಮೆತ್ತಿದ ಗ್ರೀಸು ಒಂದು ಕಡೆ ಒಳಕ್ಕೆ ಎಳೆದುಕೊಂಡು ಸಣ್ಣ ಗುಳಿ ಬಿದ್ದಿತ್ತು. ಹೊಸ ಪಂಪು ಹಾಕುವಾಗ ಹಳೆಯ ಪೈಪು, ಹಳೆಯ ಕ್ಲಾಂಪನ್ನೇ ಮತ್ತೆ ಬಿಗಿದಿದ್ದರು.

ಕ್ಲಾಂಪು ಹೊಸದು ಹಾಕಿದೆವು. ನೊರೆ ಹೋಯಿತು. ಆದರೆ, ಬೇಸರ ಮಾಡಿಕೊಳ್ಳಬೇಡಿ, ಬಿಸಿಯಾದ ಮೇಲೆ ಆಕ್ಸಿಲರೇಟರ್ ಕೊಟ್ಟರೆ ಇನ್ನೂ ಸ್ವಲ್ಪ ಬಿಗಿ ಇತ್ತು. ಟ್ಯಾಂಕಿನ ಫಿಲ್ಟರು ಕಟ್ಟಿದ್ದರೂ ಹೀಗೆ ಆಗಬಹುದು, ಬಿಚ್ಚಿ ನೋಡಿದೆವು, ಅದು ಸ್ವಚ್ಛವಾಗಿತ್ತು. ಅಷ್ಟರಲ್ಲಿ ಮೂರನೆಯ ದಿನದ ಸಂಜೆ. ಟಾರ್ಚು ಹಿಡಿದು ಅಣ್ಣ ಆ ಪೈಪನ್ನೇ ನೋಡುತ್ತಾ ಕುಳಿತ. ನನಗೆ ಆಕ್ಸಿಲರೇಟರ್ ಕೊಡು ಎಂದ. ಕೊಟ್ಟೆ. "ಬಿಡು" ಎಂದ. ಬಿಟ್ಟೆ. ಮತ್ತೆ "ಕೊಡು" ಎಂದ. ಆಮೇಲೆ ನನ್ನನ್ನು ಕರೆದು ತೋರಿಸಿದ. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಪೈಪಿನ ನಡು ಭಾಗ ಒಳಕ್ಕೆ ಜಗ್ಗಿ ಚಪ್ಪಟೆಯಾಗುತ್ತಿತ್ತು.

ಮದ್ದೂರಿನಲ್ಲಿ ಬಸ್ಸು ನಿಂತಾಗ ಎಳನೀರು ಕುಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಈಗ ಕೊಡುವ ಕಾಗದದ ಕೊಳವೆ ಮೊದಲು ಚೆನ್ನಾಗಿರುತ್ತದೆ. ನೆನೆದು ಮೆತ್ತಗಾದ ಮೇಲೆ ಜೋರಾಗಿ ಎಳೆದರೆ ಅಂಟಿಕೊಂಡುಬಿಡುತ್ತದೆ. ಇನ್ನೂ ಜೋರಾಗಿ ಎಳೆದರೆ ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮೆಲ್ಲಗೆ ಎಳೆದರೆ ಮಾತ್ರ ನೀರು ಬರುತ್ತದೆ. ರಬ್ಬರು ತಣ್ಣಗಿದ್ದಾಗ ಗಟ್ಟಿ, ಬಿಸಿಯಾದಾಗ ಮೆತ್ತಗೆ. ಪಂಪು ಎಣ್ಣೆಯನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಎಣ್ಣೆಯನ್ನು ಪಂಪಿಗೆ ತಳ್ಳುವುದು ಹೊರಗಿನ ವಾಯುಭಾರ, ಅದೂ ಒಂದು ಚದರ ಸೆಂಟಿಮೀಟರಿಗೆ ಒಂದು ಕೆ.ಜಿ.ಯಷ್ಟು ಮಾತ್ರ. ಆಚೆ ಕಡೆ ನೂರು, ಈಚೆ ಕಡೆ ಒಂದು. ಆ ಒಂದು ಕೆ.ಜಿ.ಯ ದಾರಿಗೆ ಅಡ್ಡ ಬಂದರೆ ನೂರು ಕೆ.ಜಿ. ಹುಟ್ಟುವುದೇ ಇಲ್ಲ. ಸಿರಿಂಜಿನ ಮೂತಿಗೆ ಬೆರಳಿಟ್ಟು ಹಿಡಿಯನ್ನು ಎಳೆದು ನೋಡಿ, ಬರುವುದಿಲ್ಲ.

ಪೈಪು ಬಿಚ್ಚಿ ಕುಡುಗೋಲಿನಿಂದ ಉದ್ದಕ್ಕೆ ಸೀಳಿದೆವು. ಹೊರಗೆ ನೋಡಿದರೆ ಒಂದು ಬಿರುಕೂ ಇರಲಿಲ್ಲ. ಒಳಗೆ, ಒಳಪದರ ಎದ್ದು ನಾಲಗೆಯ ಹಾಗೆ ನೇತಾಡುತ್ತಿತ್ತು. ಎಣ್ಣೆ ಜೋರಾಗಿ ಬಂದಾಗಲೆಲ್ಲ ಆ ನಾಲಗೆ ಎದ್ದು ದಾರಿಗೆ ಅಡ್ಡ ನಿಲ್ಲುತ್ತಿತ್ತು. ಹೊಸ ಪಂಪು ಹಾಕಿದ ಮೇಲೆ ಹದಿನೈದು ದಿನ ಯಾಕೆ ಸರಿಯಿತ್ತು ಎಂಬುದೂ ಆಗ ಹೊಳೆಯಿತು. ಪೈಪು ಬಿಚ್ಚಿ ಹಾಕುವಾಗ ನಾಲಗೆ ಮಡಿಚಿ ಪಕ್ಕಕ್ಕೆ ಕೂತಿರಬೇಕು. ಆ ಹದಿನೈದು ದಿನ ಮಳೆ, ಟ್ರ್ಯಾಕ್ಟರಿಗೆ ಭಾರದ ಕೆಲಸವೂ ಇರಲಿಲ್ಲ ಎಂದು ಅಣ್ಣ ನೆನಪಿಸಿಕೊಂಡ.

ಮರುದಿನ ಮಂಡ್ಯಕ್ಕೆ ಹೋಗಿ ಹೊಸ ಪೈಪು ತಂದೆವು. ನೀರಿನ ಪೈಪಲ್ಲ, ಔಷಧಿ ಹೊಡೆಯುವ ಪೈಪೂ ಅಲ್ಲ. ಎಣ್ಣೆಗೆಂದೇ ಮಾಡಿದ, ಚಪ್ಪಟೆಯಾಗದಂತೆ ಒಳಗೆ ತಂತಿಯ ಸುರುಳಿ ಇರುವ ಪೈಪು. ಮುನ್ನೂರು ರೂಪಾಯಿಗೆ ಚಿಲ್ಲರೆ ವಾಪಸ್ ಬಂತು. ಹೊಸ ಎಣ್ಣೆ ತುಂಬಿ, ಮುಂದಿನ ಚಕ್ರ ಎತ್ತಿಟ್ಟು, ಎಂಜಿನ್ ನಿಧಾನಕ್ಕೆ ಬಿಟ್ಟು, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಮೆಲ್ಲಗೆ ಹತ್ತಾರು ಸಲ ತಿರುಗಿಸಿ, ಒಳಗಿನ ಗಾಳಿ ಹೋಗುವವರೆಗೆ ಎಣ್ಣೆ ನೋಡಿ ನೋಡಿ ತುಂಬಿದೆವು. ಕೊನೆಗೆ ತಂದಾಗ ಅಲ್ಲೇ ಒತ್ತಿ ಹಿಡಿಯಬಾರದು, ಎಣ್ಣೆ ವೃಥಾ ಬಿಸಿಯಾಗುತ್ತದೆ. ಮಧ್ಯಾಹ್ನ ಅಣ್ಣ ಮೂರು ಗಂಟೆ ಉತ್ತು ಬಂದ. ಅಂಗಳದಲ್ಲಿ ಒಂದು ಬೆರಳಿನಲ್ಲಿ ಸ್ಟೀರಿಂಗ್ ತಿರುಗಿಸಿ ಅಪ್ಪನಿಗೆ ತೋರಿಸಿದ. ಅಪ್ಪ ಏನೂ ಹೇಳದೆ ದನ ಕಟ್ಟಲು ಹೋದರು. ಮಾರುವ ಮಾತು ಆಮೇಲೆ ಬರಲಿಲ್ಲ.

ಅಣ್ಣನ ಬಗ್ಗೆ ಒಂದು ಮಾತು ಹೇಳಬೇಕು. ಹೇಳಬೇಡ ಎಂದಿದ್ದಾನೆ, ಆದರೂ ಹೇಳುತ್ತೇನೆ. ಅವನೂ ಇದೇ ಶಾಲೆಯ ವಿದ್ಯಾರ್ಥಿ, ನನಗಿಂತ ಮೂರು ವರ್ಷ ಮುಂದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಫೇಲಾದ. ಎರಡು ಸಲ ಕಟ್ಟಿದ, ಎರಡು ಸಲವೂ ಆಗಲಿಲ್ಲ, ಬಿಟ್ಟ. ಆ ಮೇಲೆ ಈ ಗೇಟಿನೊಳಗೆ ಕಾಲಿಡಲಿಲ್ಲ. ನನ್ನ ಕಾಲೇಜಿನ ಫೀಸಿನಲ್ಲಿ ಅವನ ದುಡಿಮೆ ಎಷ್ಟಿತ್ತು ಎಂದು ನಾನು ಯಾವತ್ತೂ ಲೆಕ್ಕ ಹಾಕಲಿಲ್ಲ, ಅವನೂ ಹಾಕಲಿಲ್ಲ. ನೇತಾಡುವ ನಾಲಗೆ ನೋಡಿದ ರಾತ್ರಿ ಕೊಟ್ಟಿಗೆಯಲ್ಲಿದ್ದ ದನದ ಔಷಧಿಯ ಸಿರಿಂಜು ಎರಡು ತೊಳೆದು, ಮೇಷ್ಟ್ರು ಮಾಡಿ ತೋರಿಸಿದ್ದನ್ನು ನಾನು ಅವನಿಗೆ ಮಾಡಿ ತೋರಿಸಿದೆ. ಎರಡು ಸಲ ಒತ್ತಿ ನೋಡಿ, "ಇದನ್ನ ಅವತ್ತೇ ಟ್ರ್ಯಾಕ್ಟರ್ ಅಂತ ಹೇಳಿಕೊಟ್ಟಿದ್ರೆ ಪಾಸಾಯ್ತಿದ್ದೆ ಕಣ್ಲಾ" ಎಂದ. ಒಂದು ಕ್ಷಣ ಬಿಟ್ಟು ಅವನೇ ನಕ್ಕು, "ಅದೂ ಸುಳ್ಳು. ಅವತ್ತು ನಾನು ಕ್ಲಾಸಲ್ಲೇ ಇರ್ಲಿಲ್ಲ, ಕಬ್ಬಿಗೆ ನೀರು ಕಟ್ಟಕ್ಕೆ ಹೋಗಿದ್ದೆ" ಎಂದ. ಅಪ್ಪನಿಗೆ ಆ ವರ್ಷ ಕಾಲು ಮುರಿದಿತ್ತು. ನನಗೆ ಅದು ಮರೆತೇ ಹೋಗಿತ್ತು. ಅವನು ಗದ್ದೆಯಲ್ಲಿದ್ದ ದಿನಗಳಲ್ಲಿ ನಾನು ಕ್ಲಾಸಿನಲ್ಲಿದ್ದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು, ಅದನ್ನೂ ಬರೆಯುತ್ತೇನೆ. ಒಬ್ಬರು, "ಎಣ್ಣೆ ಇಲ್ಲದಾಗ ಬ್ರೇಕ್ ಆಯಿಲ್ ಹಾಕಬಹುದಾ?" ಎಂದರು. ಖಂಡಿತ ಬೇಡ. ಬ್ರೇಕ್ ಆಯಿಲ್ ಬೇರೆ ಜಾತಿಯದು, ಸ್ಟೀರಿಂಗಿನ ಸೀಲುಗಳು ಅದರಲ್ಲಿ ಊದಿಕೊಂಡು ಹಾಳಾಗುತ್ತವೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಹಾಕಿ, ಹಾಕುವ ಲಾಳಿಕೆಯನ್ನು ಒರೆಸಿ. ಇನ್ನೊಬ್ಬರು ಟೆಫ್ಲಾನ್ ಟೇಪಿನ ಬಗ್ಗೆ ಕೇಳಿದರು. ನಲ್ಲಿಗೆ ಸುತ್ತುವ ಆ ಟೇಪು ಇಲ್ಲಿ ಬೇಡ, ಚೂರು ಹರಿದು ಒಳಗೆ ಹೋಗಿ ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಮೂರನೆಯವರು ಕೇಳಿದ್ದು, ಪೈಪು ಸೋರುವುದನ್ನು ಕೈಯಿಟ್ಟು ನೋಡಬಹುದೇ ಎಂದು. ನಾವು ಮುಟ್ಟಿದ್ದು ಟ್ಯಾಂಕಿನಿಂದ ಪಂಪಿಗೆ ಬರುವ ಪೈಪು ಮಾತ್ರ. ಪಂಪಿನಿಂದ ಮುಂದಕ್ಕೆ ಹೋಗುವ ಪೈಪಿನ ಹತ್ತಿರ ಎಂಜಿನ್ ಓಡುವಾಗ ಬರಿಗೈ ಒಯ್ಯಲೇಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಬರುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಹೆಚ್ಚು ನೋವೂ ಇರುವುದಿಲ್ಲ. ಆದರೆ ಒಳಗಿನ ಮಾಂಸ ಕೊಳೆತು ಬೆರಳೋ ಕೈಯೋ ಹೋಗಬಹುದು. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದ ಎಣ್ಣೆ ಒಳಗೆ ಹೋಗಿದೆ ಎಂದು ಬಾಯಿಬಿಟ್ಟು ಹೇಳಿ. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡನ್ನು ದೂರದಿಂದ ಹಿಡಿದರೆ ಅದರ ಮೇಲೆ ಎಣ್ಣೆಯ ಗೆರೆ ಮೂಡುತ್ತದೆ. ಬಿಚ್ಚುವ ಮುಂಚೆ ಎಂಜಿನ್ ನಿಲ್ಲಿಸಿ ಸ್ಟೀರಿಂಗನ್ನು ಎರಡೂ ಕಡೆಗೆ ನಾಲ್ಕು ಸಲ ತಿರುಗಿಸಿ ಉಳಿದ ಒತ್ತಡ ಇಳಿಸಿ.

ಈ ದಿನದ ಊಟಕ್ಕೆ ನೀರಿನ ಟ್ಯಾಂಕರ್ ಎಳೆದುಕೊಂಡು ಬಂದಿರುವುದು ಅದೇ ಟ್ರ್ಯಾಕ್ಟರು. ಗೇಟಿನ ಪಕ್ಕ ಬೇವಿನ ಮರದ ಕೆಳಗೆ ನಿಂತಿದೆ. ಸ್ಟೀರಿಂಗ್ ತಿರುಗಿಸಿ ನೋಡಬೇಕೆನ್ನುವವರು ಊಟ ಆದ ಮೇಲೆ ಹೋಗಿ ನೋಡಬಹುದು, ಸೀಳಿದ ಹಳೆಯ ಪೈಪೂ ಸೀಟಿನ ಕೆಳಗಿದೆ. ಕೀಲಿ ಅಣ್ಣನ ಹತ್ತಿರ ಇದೆ. ಒಳಗೆ ಬಂದು ಕೂತ್ಕೊ ಎಂದು ಬೆಳಿಗ್ಗೆಯಿಂದ ಮೂರು ಸಲ ಕರೆದೆ. ಟ್ಯಾಂಕರಿನ ನಲ್ಲಿ ನೋಡಿಕೊಳ್ಳಬೇಕು ಅಂತಾನೆ.